ಈ ನಗು ಕತ್ತರಿಸಬೇಡಿ

ಬಾಗಿಲು ತುಸು ತೆರೆದದ್ದೇ ತಡ, ಅವಳ ಎದೆ ಧಸಕ್ಕೆಂದಿತು.

ಹೊರಗೆ ನಿಂತವನು ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದ.

ಮೆಟ್ಟಿಲು ಓಡಿ ಹತ್ತಿದವನಂತೆ ಏದುಸಿರು ಬಿಡುತ್ತಿದ್ದ. ಇನ್ನೊಂದು ಕೈಯಲ್ಲಿದ್ದ ಫೋನನ್ನು ಅವಳ ಮುಖದೆದುರು ಹಿಡಿದ. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಮಾತು ಕಾಣಿಸಿತು.

'ಮಾತಾಡಬೇಡಿ.'

ಅದರ ಕೆಳಗೆ ಇನ್ನೂ ಏನೋ ಬರೆದಿತ್ತು. ಅವಳ ಕಣ್ಣು ಅಲ್ಲಿಗೆ ಇಳಿಯುವಷ್ಟರಲ್ಲಿ ಪರದೆ ಆರಿ ಕಪ್ಪಾಯಿತು.

ಅವರಿಬ್ಬರ ನಡುವೆ ಇದ್ದದ್ದು ಬಾಗಿಲಿನ ಸರಪಳಿಯೊಂದೇ. ಅವಳು ದಢಾರನೆ ಬಾಗಿಲು ಮುಚ್ಚಿ, ಚಿಲಕ ಹಾಕಿ, ಅದಕ್ಕೇ ಬೆನ್ನು ಕೊಟ್ಟು ನೆಲಕ್ಕೆ ಕುಸಿದಳು.

'ಮುಗೀತು... ಅವನು ಪತ್ತೆ ಮಾಡಿಬಿಟ್ಟ. ಯಾರನ್ನೋ ಕಳಿಸಿದ್ದಾನೆ.'

ಈ ಹುಡುಗಿಯ ದನಿಯನ್ನು ಕೇಳಿದವರು ಸಾವಿರಾರು ಜನ, ಮುಖ ನೋಡಿದವರು ಬೆರಳೆಣಿಕೆಯಷ್ಟು. ಫೋನು, ಇಯರ್‌ಫೋನು, ವಾಚು, ಆ್ಯಪು... ಹೊಸದಾಗಿ ಬಂದದ್ದನ್ನೆಲ್ಲ ಬಳಸಿ ನೋಡಿ, ಮನಸ್ಸಿಗೆ ತೋಚಿದ್ದನ್ನು ವಿಡಿಯೊದಲ್ಲಿ ಹೇಳುವುದು ಅವಳ ಕೆಲಸ. ಪರದೆಯ ಮೇಲೆ ಅವಳ ಎರಡು ಕೈ ಮಾತ್ರ ಕಾಣುತ್ತಿದ್ದವು.

"ಈ ವಾಚು ನಾನು ಈರುಳ್ಳಿ ಹೆಚ್ಚಿದ್ದನ್ನೂ ವ್ಯಾಯಾಮ ಅಂತ ಬರ್ಕೊಳ್ತು. ಇದನ್ನ ನಂಬ್ಕೊಂಡ್ರೆ ನೀವು ಕೆಟ್ರಿ," ಎನ್ನುವ ಧಾಟಿ ಅವಳದು. ನೋಡುಗರು ಅವಳಿಗೆ ಗೊಣಗಮ್ಮ ಅಂತಲೇ ಹೆಸರಿಟ್ಟಿದ್ದರು.

ಊರಿಗೆಲ್ಲ ಧೈರ್ಯವಾಗಿ ಗೊಣಗುವ ಇವಳಿಗೆ ತನ್ನ ಮನೆಯ ಬಾಗಿಲು ಬಡಿದರೆ ಕೈ ನಡುಗುತ್ತಿತ್ತು. ಕಾರಣ, ಎರಡು ವರ್ಷದ ಹಿಂದೆ ಅವಳನ್ನು ಮದುವೆಯಾಗಬೇಕಿದ್ದವನು. ಅವಳಿಗೆ ಗೊತ್ತಿಲ್ಲದಂತೆ ಅವಳ ಫೋನಿನಲ್ಲಿ ಆ್ಯಪ್ ಹಾಕಿಟ್ಟಿದ್ದ. ಯಾವ ಅಂಗಡಿಗೆ ಹೋದಳು, ಯಾರ ಜತೆ ಎಷ್ಟು ಹೊತ್ತು ಮಾತಾಡಿದಳು ಎಲ್ಲವೂ ಅವನಿಗೆ ಗೊತ್ತಾಗುತ್ತಿತ್ತು. ಮದುವೆ ಮುರಿದು ಹೊರಟಾಗ ಅವನು ಒಂದೇ ಮಾತು ಹೇಳಿದ್ದ: "ಎಲ್ಲಿ ಹೋದ್ರೂ ಹುಡುಕ್ತೀನಿ."

ಆಮೇಲೆ ಅವಳು ಊರು ಬಿಟ್ಟಳು, ನಂಬರು ಬಿಟ್ಟಳು, ಅಕ್ಕನ ಮನೆಯ ಹತ್ತಿರ ಒಂದು ಮಹಡಿ ಮನೆ ಹಿಡಿದಳು.

ಈ ಎರಡು ವರ್ಷದಲ್ಲಿ ಅವಳ ಬದುಕಿಗೆ ಹೊಸದಾಗಿ ಬಂದವನು ಒಬ್ಬನೇ. ಅವಳ ವಿಡಿಯೊಗಳನ್ನು ಎಡಿಟ್ ಮಾಡುವವನು. ಅವಳು ಅವನನ್ನು ಕತ್ತರಿ ಅಂತ ಕರೆಯುತ್ತಿದ್ದಳು. ಇಬ್ಬರೂ ಭೇಟಿಯಾಗಿರಲಿಲ್ಲ, ಫೋನಿನಲ್ಲಿಯೂ ಮಾತಾಡಿರಲಿಲ್ಲ. ಅವಳು ರೆಕಾರ್ಡಿಂಗ್ ಕಳಿಸುತ್ತಿದ್ದಳು, ಅವನು ಅದರ ಪಕ್ಕದಲ್ಲಿ ಟಿಪ್ಪಣಿ ಬರೆಯುತ್ತಿದ್ದ.

'ಇಲ್ಲಿ ಗಂಟಲು ಒಣಗಿದೆ. ನೀರು ಕುಡಿದು ಮತ್ತೊಮ್ಮೆ ಹೇಳಿ.'

'ಇಲ್ಲಿ ನಕ್ಕಿದ್ದೀರಿ. ಕತ್ತರಿಸಲಾ?'

ಅವಳದು ಯಾವಾಗಲೂ ಒಂದೇ ಉತ್ತರ. 'ಕತ್ತರಿಸಿ.'

'ಸರಿ. ಮನಸ್ಸಿಲ್ಲ, ಆದರೂ ಸರಿ.'

ಒಮ್ಮೆ ಹೊಳೆಯುವ ಫೋನೊಂದರಲ್ಲಿ ಅವಳ ಮುಖದ ಪ್ರತಿಬಿಂಬ ಬಿದ್ದುಬಿಟ್ಟಿತ್ತು. ಅದನ್ನು ಗಮನಿಸದೆ ಕಳಿಸಿ, ಆಮೇಲೆ ಹೌಹಾರಿದ್ದಳು. ಅವನ ಟಿಪ್ಪಣಿ ಮೊದಲೇ ಬಂದಿತ್ತು. 'ಮಸುಕು ಮಾಡಿದ್ದೇನೆ. ನಾನೂ ನೋಡಿಲ್ಲ.'

ಅವತ್ತು ಅವಳು ಆ ಸಾಲನ್ನು ಎಷ್ಟು ಸಲ ಓದಿದಳೋ! ಮನಸ್ಸು ಅಲ್ಲೇ ಜಾರಿತ್ತು. ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಈಗ ಅವಳು ತೆವಳಿಕೊಂಡೇ ಕಿಟಕಿಯ ಹತ್ತಿರ ಹೋಗಿ ಪರದೆ ಸರಿಸಿದಳು. ಬಾಗಿಲಿಗೆ ಬಂದವನು ಹೋಗಿರಲಿಲ್ಲ. ಎದುರಿನ ಫುಟ್‌ಪಾತ್ ಮೇಲೆ ನಿಂತು ನೇರವಾಗಿ ಇದೇ ಕಿಟಕಿಯನ್ನು ನೋಡುತ್ತಿದ್ದ.

ಫೋನ್ ಮುಟ್ಟಲೂ ಹೆದರಿಕೆ. ಹಿಂದೊಮ್ಮೆ ಅದೇ ತಾನೇ ಮೋಸ ಮಾಡಿದ್ದು? ಅದನ್ನು ಆಫ್ ಮಾಡಿ, ಅನ್ನ ಕೊಡುವ ಮೈಕಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಹಿಂದಿನ ಮೆಟ್ಟಿಲಿಳಿದು ಓಡಿದಳು. ಎತ್ತ ಅಂತ ಅವಳಿಗೇ ಗೊತ್ತಿರಲಿಲ್ಲ. ಕಂಡ ಓಣಿಗಳನ್ನೆಲ್ಲ ಹಿಡಿದು, ಕೊನೆಗೆ ಒಂದು ಗ್ರಂಥಾಲಯದೊಳಗೆ ನುಗ್ಗಿ ಮೂಲೆಯ ಕುರ್ಚಿಯಲ್ಲಿ ಕುಳಿತಳು.

ಉಸಿರು ಹದಕ್ಕೆ ಬಂದಾಗ ಒಂದು ಯೋಚನೆ ತಲೆಗೆ ಹೊಕ್ಕಿತು.

'ನನ್ನ ವಿಳಾಸ ಯಾರಿಗೆ ಗೊತ್ತಿತ್ತು? ಅಕ್ಕನಿಗೆ. ಮತ್ತೆ...'

ವಿಡಿಯೊ ಮಾಡಿ ಮುಗಿದ ಹೆಡ್‌ಫೋನೊಂದನ್ನು ಅವಳು ಕತ್ತರಿಗೆ ಕೊರಿಯರ್ ಮಾಡಿದ್ದಳು. ಡಬ್ಬದ ಮೇಲೆ ಕಳಿಸಿದವರ ವಿಳಾಸ ಬರೆಯಲೇಬೇಕಿತ್ತು.

'ಕತ್ತರಿ ಹೇಳಿಬಿಟ್ಟರಾ? ಅವರೇ ನನ್ನನ್ನ ಹಿಡಿದುಕೊಟ್ಟರಾ?'

ಅಲ್ಲಿಯವರೆಗೆ ಬರದ ಅಳು ಆಗ ಬಂತು. ಒಬ್ಬರನ್ನಾದರೂ ನಂಬಬಹುದು ಅಂದುಕೊಂಡಿದ್ದಳು ಪಾಪ.

ಯಾರೋ ಹೆಗಲ ಮೇಲೆ ಕೈಯಿಟ್ಟರು. ಕಿಟಾರನೆ ಕಿರುಚಲಿದ್ದವಳು ತಿರುಗಿ ನೋಡಿದರೆ ಅಕ್ಕ.

"ಏನಾಯ್ತೇ? ಮುಖ ಯಾಕೆ ಹೀಗೆ ಬಿಳಿಚಿಕೊಂಡಿದೆ? ಫೋನ್ ಯಾಕೆ ಆಫ್ ಮಾಡಿದ್ದೀಯ?"

ಅವಳು ಅಕ್ಕನ ಕೈ ಹಿಡಿದುಕೊಂಡು ನಡೆದದ್ದನ್ನೆಲ್ಲ ಪಿಸುಗುಟ್ಟಿದಳು. ಹೇಳುತ್ತ ಹೇಳುತ್ತ ತಟ್ಟನೆ ನಿಂತಳು.

"ಅಕ್ಕಾ... ನಾನು ಇಲ್ಲಿದ್ದೀನಿ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಸುಮ್ನೆ... ಅಂದಾಜು ಮಾಡಿದೆ."

"ಸುಳ್ಳು ಹೇಳಬೇಡ. ಈ ಜಾಗಕ್ಕೆ ನಾನು ಇವತ್ತೇ ಮೊದಲು ಬಂದಿರೋದು."

ಅಕ್ಕ ತಲೆ ತಗ್ಗಿಸಿದಳು. ಆಮೇಲೆ ಮೈಕಿನ ಚೀಲವನ್ನು ಎಳೆದುಕೊಂಡು, ತಳದ ಒಳಬಟ್ಟೆಯ ಹೊಲಿಗೆಯನ್ನು ಉಗುರಿನಿಂದ ಬಿಚ್ಚಿದಳು. ನಾಣ್ಯದಷ್ಟಗಲದ ಒಂದು ಬಿಳಿ ಬಿಲ್ಲೆ ಹೊರಬಂತು.

ಗೊಣಗಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ಬೀಗದ ಕೈಗೋ ಪೆಟ್ಟಿಗೆಗೋ ಹಾಕಿಟ್ಟರೆ, ಅದು ಎಲ್ಲಿದೆ ಅಂತ ಒಡೆಯನ ಫೋನಿಗೆ ಹೇಳುವ ಬಿಲ್ಲೆ. ಒಡೆಯನಿಂದ ಬಹಳ ಹೊತ್ತು ದೂರವಿದ್ದು ಅಲುಗಾಡಿದರೆ ಚಿರ್ ಎನ್ನುತ್ತದೆ. "ಇದರ ಸದ್ದಿಗಿಂತ ಸೊಳ್ಳೆಯೇ ವಾಸಿ, ಯಾರಿಗೂ ಕೇಳಿಸಲ್ಲ," ಅಂತ ವಿಡಿಯೊದಲ್ಲಿ ಆಡಿಕೊಂಡು, ಆಮೇಲೆ ಅಕ್ಕನಿಗೆ ಕೊಟ್ಟವಳು ಅವಳೇ. ಗುರುತಿಲ್ಲದ ಬಿಲ್ಲೆ ಜತೆಗಿದ್ದರೆ ಫೋನು ಎಚ್ಚರಿಕೆ ಕೊಡುತ್ತದೆ. ಆದರೆ ಹೊಸ ಫೋನ್ ತಗೊಂಡ ತಕ್ಷಣ ನೋಟಿಫಿಕೇಶನ್ ಎಲ್ಲ ಆಫ್ ಮಾಡಿ ನೆಮ್ಮದಿಯಾಗಿರಿ ಅಂತ ಊರಿಗೆಲ್ಲ ಬುದ್ಧಿ ಹೇಳಿದವಳೂ ಅವಳೇ.

"ಹೋದ ತಿಂಗಳು ಒಂದಿಡೀ ದಿನ ನೀನು ಫೋನ್ ತೆಗೀಲಿಲ್ಲ," ಅಂದಳು ಅಕ್ಕ. "ನನ್ನ ಜೀವ ಬಾಯಿಗೆ ಬಂದಿತ್ತು. ಅವನು ನಿನ್ನನ್ನ ಏನಾದ್ರೂ ಮಾಡಿಬಿಟ್ಟಿದ್ರೆ ಅಂತ..."

"ಅವನು ಮಾಡಿದ್ದೂ ಇದನ್ನೇ ಅಲ್ವಾ ಅಕ್ಕಾ?"

ಅಕ್ಕನ ಕಣ್ಣು ತುಂಬಿತು.

"ಕೇಳಿದ್ರೆ ಬೇಡ ಅಂತೀಯ ಅಂತ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ತಪ್ಪಾಯ್ತು ಕಣೇ."

ಅವಳಿಗೆ ಸಿಟ್ಟು ಬಂದಿತ್ತು, ಆದರೆ ಅಕ್ಕನ ಕೈ ಬಿಡಲಿಲ್ಲ. ಅಕ್ಕನಿಗೂ ತನ್ನಷ್ಟೇ ಭಯ ಅಂತ ಅವಳಿಗೆ ಅರ್ಥವಾದದ್ದು ಇವತ್ತೇ.

"ಹಾಗಾದ್ರೆ ಬಾಗಿಲಿಗೆ ಬಂದವನು ಯಾರು?"

"ನಡಿ ನೋಡೋಣ. ನಾನಿದ್ದೀನಲ್ಲ."

ಅವನು ಅದೇ ಫುಟ್‌ಪಾತ್ ಮೇಲೆ ನಿಂತಿದ್ದ. ಅಕ್ಕ ಸೀದಾ ಅವನ ಮುಂದೆ ಹೋಗಿ ನಿಂತಳು. ತಂಗಿ ಅಕ್ಕನ ಬೆನ್ನ ಹಿಂದೆ.

"ಯಾರ್ರೀ ನೀವು? ಒಂಟಿ ಹೆಣ್ಣುಮಗಳ ಮನೆ ಮುಂದೆ ಏನು ಕೆಲಸ ನಿಮಗೆ?"

ಅವನು ಮತ್ತೆ ತುಟಿಗೆ ಬೆರಳಿಟ್ಟು ಫೋನ್ ಮುಂದೆ ಹಿಡಿದ. ಕೆಳಗಿನ ಸಾಲಿನಲ್ಲಿ 'ಬಿಲ್ಲೆ' ಎಂಬ ಪದ ತಂಗಿಯ ಕಣ್ಣಿಗೆ ಬಿತ್ತು, ಅಷ್ಟರಲ್ಲಿ ಪರದೆ ಮತ್ತೆ ಆರಿತು. ಅದನ್ನು ಕುಟ್ಟುತ್ತ ಪೇಚಾಡಿದ.

"ಮಾತಾಡಿ," ಅಂದಳು ತಂಗಿ, ಬೆನ್ನ ಹಿಂದಿನಿಂದಲೇ. "ಬಿಲ್ಲೆ ಸಿಕ್ಕಿದೆ. ಅಕ್ಕ ಇಟ್ಟಿದ್ದು."

ಅವನು ಕಣ್ಣು ಮುಚ್ಚಿ ದೊಡ್ಡ ಉಸಿರು ಬಿಟ್ಟ. ನಿಂತಲ್ಲೇ ಕುಸಿಯುತ್ತಾನೇನೋ ಅನ್ನಿಸಿತು.

"ಅಕ್ಕನೇ ಅಲ್ವಾ? ಸದ್ಯ... ನಾನು ಕತ್ತರಿ."

ಆ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು.

"ನನ್ನ ವಿಳಾಸ ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ಲ." ಅವನು ಎರಡು ಹೆಜ್ಜೆ ಹಿಂದೆ ಸರಿದು ನಿಂತ. "ಕೆಲವು ವಾರದಿಂದ ನಿಮ್ಮ ರೆಕಾರ್ಡಿಂಗಲ್ಲಿ ಚಿರ್ ಅಂತ ಒಂದು ಸದ್ದು ಬರ್ತಿತ್ತು. ಹಕ್ಕಿ ಇರಬೇಕು ಅಂದ್ಕೊಂಡು ಪ್ರತಿ ಸಲವೂ ಅಳಿಸ್ತಾ ಬಂದೆ. ಸದ್ದು ಅಳಿಸೋದೇ ನನ್ನ ಕೆಲಸ ನೋಡಿ. ಇವತ್ತು ನಿಮ್ಮ ಹಳೇ ವಿಡಿಯೊ ಕೇಳ್ತಿದ್ದೆ, ಆ ಬಿಲ್ಲೆಯದ್ದು. ಅದೇ ಸದ್ದು. ನಿಮಗೆ ಬಂದ ಎಚ್ಚರಿಕೆನ ನಾನೇ ಕತ್ತರಿಸಿ ಕತ್ತರಿಸಿ ಎಸೆದಿದ್ದೀನಿ ಅಂತ ಗೊತ್ತಾಗಿ..."

"ಮೆಸೇಜ್ ಮಾಡಬಹುದಿತ್ತಲ್ಲ?"

"ಬಿಲ್ಲೆ ಇಟ್ಟವರು ನಿಮ್ಮ ಫೋನನ್ನೂ ಓದ್ತಿದ್ರೆ? ಮಾತನ್ನೂ ಕೇಳಿಸ್ಕೊಳ್ತಿದ್ರೆ? ಅದಕ್ಕೇ ಎಲ್ಲ ಬರೆದು ಓಡಿ ಬಂದೆ. ಆದ್ರೆ ನೀವು ಹೊಗಳಿದ್ರಿ ಅಂತ ತಗೊಂಡ ಫೋನು ಇದು. ಸ್ಕ್ರೀನ್ ಇಷ್ಟು ಬೇಗ ಆರುತ್ತೆ ಅಂತ ನೀವು ಹೇಳಲೇ ಇಲ್ಲ."

"ಅದನ್ನ ಸೆಟ್ಟಿಂಗ್ಸಲ್ಲಿ ಬದಲಾಯಿಸ್ಕೋಬೇಕು," ಅಂದುಬಿಟ್ಟಳು ಗೊಣಗಮ್ಮ. ಅಕ್ಕನಿಗೆ ಅಷ್ಟರಲ್ಲೂ ನಗು ಬಂತು.

"ನಾನು ಬಾಗಿಲು ಹಾಕಿದ ಮೇಲೂ ಇಲ್ಲೇ ಯಾಕೆ ನಿಂತಿದ್ರಿ?"

"ಬಿಲ್ಲೆ ಇಟ್ಟವನು ಬಂದ್ರೆ ಯಾರಾದ್ರೂ ಇರಬೇಕಲ್ಲ."

ಅವಳ ಬಾಯಿಗೆ ಬಂದದ್ದು ನಿಜವಾದ ಮಾತು. "ನನಗೆ ತುಂಬಾ ಭಯ ಆಯ್ತು."

ಅವನ ಮುಖ ಬಾಡಿತು. "ಗೊತ್ತಾಯ್ತು. ಕ್ಷಮಿಸಿ. ನಿಮ್ಮ ವಿಳಾಸ ಅಳಿಸಿಬಿಡ್ತೀನಿ. ಇನ್ಯಾವತ್ತೂ ಹೀಗೆ ಬರಲ್ಲ."

ಹೇಳಿದಂತೆ ನಡೆದುಕೊಂಡ ಕೂಡ. ಆಮೇಲಿನ ಟಿಪ್ಪಣಿಗಳಲ್ಲಿ ನೀರು ಕುಡಿಯಿರಿ ಅನ್ನುವ ಮಾತಿರಲಿಲ್ಲ. ನಗುವನ್ನು ಕೇಳದೆಯೇ ಕತ್ತರಿಸುತ್ತಿದ್ದ. 'ಮುಗಿದಿದೆ,' 'ಕಳಿಸಿದ್ದೇನೆ,' ಅಷ್ಟೇ.

ಅವಳು ಬಯಸಿದ್ದು ಇದನ್ನೇ ತಾನೇ? ಯಾರೂ ಹಿಂದೆ ಬರಬಾರದು, ಯಾರೂ ಬಾಗಿಲು ಬಡಿಯಬಾರದು. ಆದರೆ ಆ ಖಾಲಿ ಟಿಪ್ಪಣಿ ನೋಡಿದಾಗಲೆಲ್ಲ ಹಳೆಯ ಟಿಪ್ಪಣಿಗಳನ್ನು ತೆಗೆದು ಓದುತ್ತಿದ್ದಳು. ಬಾಗಿಲು ಬಡಿದರೆ ಈಗಲೂ ತೆಗೆಯುತ್ತಿರಲಿಲ್ಲ. ಕೊರಿಯರ್‌ನವನು ಕರೆದು ಕರೆದು ವಾಪಸು ಹೋಗುತ್ತಿದ್ದ. 'ಹೀಗೇ ಇದ್ರೆ ನಾನು ಜೀವಮಾನವಿಡೀ ಈ ಚಿಲಕದ ಹಿಂದೆಯೇ ಕಳೀಬೇಕು. ಹುಡುಕ್ತೀನಿ ಅಂದವನು ಹುಡುಕದೆಯೇ ಗೆದ್ದಂತಾಯ್ತಲ್ಲ...'

ಒಂದು ಮಧ್ಯಾಹ್ನ ಹೊಸ ಸ್ಪೀಕರ್ ಬಗ್ಗೆ ಗೊಣಗುತ್ತಿದ್ದವಳು ನಡುವೆ ನಿಲ್ಲಿಸಿದಳು. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಕತ್ತರಿಯವರೇ, ಇದು ನಿಮಗೊಬ್ಬರಿಗೇ. ಹಿಂದೆ ನನ್ನನ್ನ ಮದುವೆಯಾಗಬೇಕಿದ್ದವನೂ ನನ್ನ ಕಾಯ್ತಿದ್ದ, ನಾನು ಕೈತಪ್ಪಿ ಹೋಗಬಾರದು ಅಂತ. ನೀವೂ ಕಾದ್ರಿ, ನನಗೇನೂ ಆಗಬಾರದು ಅಂತ. ಭಯದಲ್ಲಿ ನನಗೆ ಎರಡೂ ಒಂದೇ ಥರ ಕಾಣಿಸ್ತು. ಅವತ್ತೇ ಹೇಳಬೇಕಿತ್ತು... ನನಗೆ ನೀವಂದ್ರೆ ಇಷ್ಟ. ವಿಳಾಸ ಅಳಿಸಿದ್ದೀರಲ್ಲ, ಮತ್ತೆ ಹೇಳ್ತೀನಿ, ಬರ್ಕೊಳ್ಳಿ."

ಮನೆ ಸಂಖ್ಯೆ, ರಸ್ತೆ, ಎರಡನೇ ಮಹಡಿ, ಎಡಗಡೆಯ ಬಾಗಿಲು. ಮನಸ್ಸು ಬದಲಾಗುವ ಮುಂಚೆ ಕಳಿಸಿಬಿಟ್ಟಳು.

ಅವತ್ತು ಉತ್ತರ ಬರಲಿಲ್ಲ. ಮರುದಿನ ಅವಳು ರೆಕಾರ್ಡ್ ಮಾಡುತ್ತಿರುವಾಗ ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು.

ಅವಳು ಎದ್ದು ಹೋದಳು.

"ಯಾರು?"

"ಕತ್ತರಿ. ಈ ಸಲ ಏನೂ ಬರ್ಕೊಂಡು ಬಂದಿಲ್ಲ."

"ಮತ್ತೆ?"

"ಬಾಯಲ್ಲೇ ಹೇಳ್ತೀನಿ. ನನಗೂ ನೀವಂದ್ರೆ ಇಷ್ಟ, ತುಂಬಾ ದಿನದಿಂದ. ನೀವು ಬಾಗಿಲು ತೆಗೀಬೇಕು ಅಂತೇನಿಲ್ಲ. ಇಷ್ಟು ಹೇಳಿ ಹೋಗೋಣ ಅಂತ ಬಂದೆ."

ಅವಳು ಚಿಲಕ ತೆಗೆದಳು. ಸರಪಳಿಯ ಮೇಲೆ ಬೆರಳುಗಳು ಒಂದು ಕ್ಷಣ ತಡೆದವು. ಆಮೇಲೆ ಅದನ್ನೂ ತೆಗೆದು, ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಳು.

ಅವನು ಹೊಸ್ತಿಲಾಚೆಯೇ ನಿಂತಿದ್ದ, ಅವಳಿಗಿಂತ ಹೆಚ್ಚು ಹೆದರಿಕೊಂಡು. ಅದನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣೀರೂ ಬಂತು.

ಅವನು ಒಳಗಿನ ಮೇಜಿನ ಕಡೆ ನೋಡಿದ. "ಮೈಕ್ ಆನ್ ಇದೆ."

"ಗೊತ್ತು."

"ನೀವು ನಕ್ಕಿದ್ದು ರೆಕಾರ್ಡ್ ಆಗಿದೆ. ಕತ್ತರಿಸಲಾ?"

ಅವಳು ಅವನ ಕೈ ಹಿಡಿದು ಒಳಗೆ ಕರೆದುಕೊಂಡಳು.

"ಬೇಡ. ಇದು ಇರಲಿ."