ಮೈದಾನ ಅಗೆಯಲು ಅನುಮತಿ

೨೦೨೧ರ ಜೂನ್ ಹದಿನಾಲ್ಕು, ಸೋಮವಾರ ಬೆಳಿಗ್ಗೆ ಮಲೇಷ್ಯಾದ ನಿಲಾಯ್ ಠಾಣೆಗೆ ಒಂದು ದೂರು ಬಂತು. ಕೊಟ್ಟವರು ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷ ಲಿಮ್. ಊರೊಟ್ಟಿನ ಮೈದಾನವನ್ನು, ಅಂದರೆ ಅಲ್ಲಿನವರ ಪಡಾಂಗನ್ನು, ಯಾರೋ ದಿನವೂ ಅಗೆಯುತ್ತಿದ್ದಾರೆ, ನಿಧಿಗಳ್ಳರೇ ಇರಬೇಕು ಎಂದು ದೂರು. ನಮ್ಮ ಕಡೆ ಎಫ್‌ಐಆರ್ ಎನ್ನುವುದಕ್ಕೆ ಅಲ್ಲಿ ರಿಪೋರ್ಟ್ ಎನ್ನುತ್ತಾರೆ. ಹೆಸರು ಏನಾದರೇನು, ಬರೆದುಕೊಂಡ ಮೇಲೆ ಪೊಲೀಸರು ಕುರ್ಚಿ ಬಿಟ್ಟು ಏಳಲೇಬೇಕು.

ಇನ್‌ಸ್ಪೆಕ್ಟರ್ ದೇವದಾಸ, ಕಾನ್‌ಸ್ಟೇಬಲ್ ಅಜ್ಲಾನ್ ಜೀಪು ಹತ್ತಿದರು. ಲಾಕ್‌ಡೌನಿನ ಊರು ಅರೆನಿದ್ದೆಯಲ್ಲಿತ್ತು. ವಿಮಾನ ನಿಲ್ದಾಣ ಹತ್ತಿರವೇ ಇದ್ದರೂ ಆಕಾಶ ಸದ್ದು ಮಾಡುವುದನ್ನೇ ಮರೆತಿತ್ತು. ಪಡಾಂಗಿನ ನಡುವೆ ದೊಡ್ಡ ಮಳೆಮರ, ಅದರ ಸುತ್ತ ಅಂಗೈಯಗಲದ ಗುಂಡಿಗಳು. ಪ್ರತಿಯೊಂದನ್ನೂ ಮುಚ್ಚಿ, ಮೇಲೆ ಹುಲ್ಲು ಕೂರಿಸಿ, ತಟ್ಟಿ ಹೋಗಿದ್ದರು. ಸಿಕ್ಕಿದ ಸೋಡಾ ಮುಚ್ಚಳ, ಬೀಗದ ಕೈ, ಚಿಲ್ಲರೆ ನಾಣ್ಯಗಳನ್ನು ಬೇರಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು.

"ನಾಣ್ಯ ಬಿಟ್ಟು ಹೋಗೋ ಕಳ್ಳ ಎಲ್ಲಿದ್ದಾನೆ ಲಾ?" ಎಂದ ಅಜ್ಲಾನ್, ಮಾತಿನ ಕೊನೆಗೆ ಅಲ್ಲಿನವರ ‘ಲಾ’ ಸೇರಿಸಿ.

ದೇವದಾಸ ನಗರಸಭೆಗೆ ಫೋನು ಮಾಡಿದ. ಈ ಮೈದಾನದಲ್ಲಿ ಮೆಟಲ್ ಡಿಟೆಕ್ಟರ್ ಬಳಸಲು ಯಾರಾದರೂ ಅನುಮತಿ ಕೇಳಿದ್ದರೇ? ಕೇಳಿದ್ದರು. ಅದೇ ಬಡಾವಣೆಯ ಮಹೇಶ, ಮೈಸೂರಿನವನು, ಸಾಫ್ಟ್‌ವೇರ್ ಕೆಲಸ. ನಗರಸಭೆ ಭೂ ಕಚೇರಿಯನ್ನು ಕೇಳು ಎಂದಿತ್ತು, ಭೂ ಕಚೇರಿ ಸಂಘವನ್ನು ಕೇಳು ಎಂದಿತ್ತು, ಸಂಘ ಮತ್ತೆ ನಗರಸಭೆಯತ್ತ ಕೈ ತೋರಿಸಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಸಮುದ್ರ ದಾಟಿದರೂ ಸುಳ್ಳಾಗುವುದಿಲ್ಲ.

ಮರುದಿನ ನಸುಕಿನಲ್ಲಿ ಇಬ್ಬರೂ ಮಹೇಶನಿಗಾಗಿ ಮರದ ಮರೆಯಲ್ಲಿ ಕಾದರು. ಮಂಜು ಹುಲ್ಲಿನ ಮೇಲೆ ಹಾಲಿನ ಕೆನೆಯಂತೆ ಕಟ್ಟಿತ್ತು. ಅದರೊಳಗಿಂದ ಬಂದದ್ದು ಮಹೇಶನಲ್ಲ, ಸೀರೆಯ ಮೇಲೆ ಸ್ವೆಟರು ತೊಟ್ಟ ಹೆಂಗಸು. ಬಾಯಿಗೆ ಮಾಸ್ಕು, ಕಿವಿಗೆ ಹೆಡ್‌ಫೋನು, ಒಂದು ಕೈಯಲ್ಲಿ ಡಿಟೆಕ್ಟರ್, ಇನ್ನೊಂದರಲ್ಲಿ ದೋಸೆ ಮಗುಚುವ ಕೈ. ಆಕೆ ನೆಲ ಗುಡಿಸುವಂತೆ ಮೆಲ್ಲಗೆ ಯಂತ್ರ ಆಡಿಸುತ್ತಿದ್ದರು. ಅಜ್ಲಾನ್ ಎರಡು ಸಲ ಕೂಗಿದ್ದು ಕೇಳಿಸಲೇ ಇಲ್ಲ.

ದೇವದಾಸ ಎದುರಿಗೆ ಹೋಗಿ ನಿಂತ. ಅವನ ತಾಯಿಯ ಮನೆಮಾತು ಕನ್ನಡ.

"ಅಮ್ಮ, ನಿಮ್ಮನ್ನ ಅರೆಸ್ಟ್ ಮಾಡ್ಬೇಕು."

ಕನ್ನಡ ಕೇಳಿ ಆಕೆಗೆ ಗಾಬರಿಗಿಂತ ಸಮಾಧಾನವೇ ಆಯಿತು. "ಒಂದ್ನಿಮಿಷ ತಡೀಪ್ಪ, ಈ ಗುಂಡಿ ಮುಚ್ಚಿಬಿಡ್ತೀನಿ."

ಠಾಣೆಯಲ್ಲಿ ಹೇಳಿಕೆ ಪಡೆದರು. ಹೆಸರು ಸ್ವರ್ಣಲತಾ, ಮಹೇಶನ ತಾಯಿ. ಮಗನ ಮನೆಗೆಂದು ಬಂದವರು ಗಡಿ ಮುಚ್ಚಿ ಇಲ್ಲೇ ಉಳಿದಿದ್ದರು.

"ಏನು ಹುಡುಕ್ತಿದ್ರಿ?"

"ತಾಳಿ."

"ಕಳವಾಗಿತ್ತಾ?"

"ಇಲ್ಲಪ್ಪ. ಗೌರಿ ಜೊತೆ ಹೋಯ್ತು."

ಹಿಂದಿನ ವರ್ಷದ ಗೌರಿಹಬ್ಬಕ್ಕೆ ಮಣ್ಣಿನ ಗೌರಿ ಮಾಡಿದ್ದರು. ಗೌರಿಗೆಂದೇ ಇದ್ದ ಪುಟ್ಟ ತಾಳಿ ಮೈಸೂರಿನ ಬೀರುವಿನಲ್ಲಿತ್ತು. ಹಾಗಾಗಿ ತಮ್ಮ ಮಾಂಗಲ್ಯದ ಎರಡು ತಾಳಿಗಳಲ್ಲಿ ತವರಿನದನ್ನು ತೆಗೆದು, ಅರಿಶಿನದ ದಾರಕ್ಕೆ ಪೋಣಿಸಿ ದೇವಿಯ ಕೊರಳಿಗೆ ಕಟ್ಟಿದ್ದರು. ನದಿಗೆ ಹೋಗುವುದು ಬೇಡವೆಂದು ಬಕೆಟ್ಟಿನಲ್ಲೇ ಗೌರಿಯನ್ನು ಬಿಟ್ಟು, ಆ ಮಣ್ಣುನೀರನ್ನು ಮರದ ಬುಡಕ್ಕೆ ಹಾಕಲು ಮಗನಿಗೆ ಕೊಟ್ಟರು. ತಾಳಿ ಬಿಚ್ಚಿಕೊಳ್ಳುವುದು ಮರೆತುಹೋಗಿತ್ತು.

"ಹೊಸದು ಮಾಡಿಸಬಹುದಿತ್ತಲ್ಲ?"

"ಮೇ ತಿಂಗಳಲ್ಲಿ ನಮ್ಮನೆಯವ್ರು ಹೋದ್ರು. ಮೈಸೂರಲ್ಲಿ, ಕೋವಿಡ್ಡು. ಎಲ್ಲಾ ಫೋನಲ್ಲೇ ನೋಡಿದ್ದು. ಹನ್ನೊಂದನೇ ದಿನ ಬಿಚ್ಚಿಡು ಅಂದ್ರು. ಬಿಚ್ಚಿದೆ, ಇದ್ದಿದ್ದು ಒಂದೇ. ಇನ್ನೊಂದು ಮಣ್ಣಲ್ಲಿ ಕಟ್ಟಿದ್ದು ಕಟ್ಟಿದ್ಹಾಗೇ ಇದೆ. ಅವ್ರಿನ್ನೂ ದಾರೀಲೇ ನಿಂತಿದಾರೆ ಅನ್ಸತ್ತೆ. ಮಂಡಿನೋವಪ್ಪ ಅವ್ರಿಗೆ, ಬಹಳ ಹೊತ್ತು ನಿಲ್ಲಕ್ಕಾಗಲ್ಲ."

ಮಂಡಿನೋವು ಎಂಬುದನ್ನೂ ದೇವದಾಸ ಹೇಳಿಕೆಯಲ್ಲಿ ಬರೆದುಕೊಂಡ.

ಮಹೇಶನನ್ನು ಕರೆಸಿದರು. ವೀಸಾದ ಭಯಕ್ಕೆ ಬಂದವನೇ ಕೈಮುಗಿದ. ಡಿಟೆಕ್ಟರ್ ತರಿಸಿದವನು ಅವನೇ. ಅನುಮತಿ ಬರುವವರೆಗೆ ಮುಟ್ಟಬಾರದೆಂದು ಸೋಫಾದ ಕೆಳಗೆ ಇಟ್ಟಿದ್ದ. ಅಮ್ಮ ಅದನ್ನು ಒಯ್ಯುತ್ತಿದ್ದದ್ದು ಗೊತ್ತೇ ಇರಲಿಲ್ಲ.

"ಬಕೆಟ್ ಎಲ್ಲಿ ಸುರಿದ್ರಿ?" ದೇವದಾಸ ಕೇಳಿದ.

ಮಹೇಶ ತಾಯಿಯ ಮುಖ ನೋಡಲಿಲ್ಲ. "ಮರದ ತನಕ ಹೋಗ್ಲಿಲ್ಲ ಸರ್. ಸೆಕ್ಯೂರಿಟಿಯವ್ನು ಬರ್ತಿದ್ದ, ಭಯ ಆಯ್ತು. ಬೆಂಚ್ ಹಿಂದೆ ಸುರಿದ್ಬಿಟ್ಟೆ."

ಸ್ವರ್ಣಲತಮ್ಮ ಮಗನ ಬೆನ್ನ ಮೇಲೆ ಕೈಯಿಟ್ಟರು.

ದೇವದಾಸ ಟೋಪಿ ಹಾಕಿಕೊಂಡ. ಮೈದಾನ ಅಗೆಯಲು ಊರಿನವರಿಗೆ ಅನುಮತಿ ಬೇಕು. ಆದರೆ ಪೊಲೀಸರಿಗೆ ತನಿಖೆ ಇದೆ, ಆರೋಪಿ ಇದ್ದಾರೆ, ನಮ್ಮ ಕಡೆ ಹೇಳುವಂತೆ ಸ್ಥಳ ಪಂಚನಾಮೆ ಆಗಲೇಬೇಕು. ಪಂಚರಾಗಿ ಲಿಮ್ ಅವರನ್ನೇ ಕರೆದ. ವಶಪಡಿಸಿಕೊಂಡ ಡಿಟೆಕ್ಟರನ್ನು ಅಜ್ಲಾನ್ ಕೈಗೆ ಕೊಟ್ಟ.

ಬೆಂಚಿನ ಹಿಂದೆ ಯಂತ್ರ ಕೂಗಿತು. ಮೊದಲು ಬಂದದ್ದು ಮುಚ್ಚಳ. ಎರಡನೆಯ ಸಲ ಅಜ್ಲಾನ್ ಬೆರಳಲ್ಲೇ ಮಣ್ಣು ಕೆದಕಿ, ಉಗುರಿನಷ್ಟು ಹಳದಿ ಲೋಹವನ್ನು ಅಂಗೈಯಲ್ಲಿ ಹಿಡಿದ. ಲಿಮ್ ಏನೂ ಅರ್ಥವಾಗದೆಯೂ ಚಪ್ಪಲಿ ಕಳಚಿ ನಿಂತರು.

"ಗುರುತಿಸ್ತೀರಾ ಅಮ್ಮ? ನಿಮ್ಮದೇನಾ?"

ಸ್ವರ್ಣಲತಮ್ಮ ಅದನ್ನು ಸೆರಗಿನಲ್ಲಿ ಒರೆಸಿದರು. ದೂರದಲ್ಲಿ, ಎಷ್ಟೋ ದಿನಗಳ ಮೇಲೆ, ಒಂದು ವಿಮಾನ ಏರುತ್ತಿತ್ತು. ಆಕೆ ಅದು ಮೋಡದಲ್ಲಿ ಕರಗುವವರೆಗೆ ನೋಡಿದರು. ಫೋನಿನಲ್ಲಿ ಚಿತೆ ಕಂಡ ದಿನ ಬಾರದ ಅಳು ಈಗ ಬಂತು.

"ನನ್ನದೇ," ಎಂದರು. ಆಮೇಲೆ ತಾಳಿಯನ್ನು ಮುಷ್ಟಿಯಲ್ಲಿಟ್ಟು, ಮೆಲ್ಲಗೆ, "ಸರಿ, ಹೊರಡಿ ಇನ್ನು. ಮಂಡಿ ಜೋಪಾನ, ನಿಧಾನಕ್ಕೆ ಹೋಗಿ."

ಅದೇ ಸಂಜೆ ಆಕೆಗೆ ಜಾಮೀನು ಸಿಕ್ಕಿತು. ಲಿಮ್ ದೂರು ಹಿಂತೆಗೆದುಕೊಂಡರು. ಪಂಚನಾಮೆಯಲ್ಲಿ ದೇವದಾಸ, ಆರೋಪಿ ವಸ್ತುವನ್ನು ಗುರುತಿಸಿದರು ಎಂದಷ್ಟೇ ಬರೆದ.