ಹೆಬ್ಬಳ್ಳಿ ರೂಟಿನ ವ್ಯಾನು

"ಹೆಬ್ಬಳ್ಳಿ ರೂಟು ಮುಂದಿನ ವರ್ಷ ಬಂದ್" ಎಂದು ರಾಜರತ್ನ ಓದಿದ್ದೇ ತಡ, ಎದುರು ಸಾಲಿನಲ್ಲಿ ಕೂತಿದ್ದ ಸೃಷ್ಟಿ ತಲೆಯೆತ್ತಿ ಅವನನ್ನು ನೋಡಿದಳು. ಆ ಕಣ್ಣು ಒಮ್ಮೆ ನೆಟ್ಟಗೆ ತನ್ನ ಕಡೆ ತಿರುಗಲಿ ಎಂದು ಎರಡು ವರ್ಷದಿಂದ ಹಂಬಲಿಸಿದವನು ಅವನು. ಇವತ್ತು ತಿರುಗಿತ್ತು, ಸುಟ್ಟುಬಿಡುವ ಹಾಗೆ.

ಏಪ್ರಿಲ್ ತಿಂಗಳ ಸ್ಟಾಫ್ ಮೀಟಿಂಗ್ ಅದು. ಧಾರವಾಡದ ಹೊರವಲಯದ ಒಂದು ಸಣ್ಣ ಕ್ರಿಶ್ಚಿಯನ್ ಶಾಲೆ. ಮುಂದಿನ ವರ್ಷ ಯಾರಿಗೆ ಯಾವ ಕ್ಲಾಸು, ಯಾರಿಗೆ ಲೈಬ್ರರಿ, ಕ್ರಿಸ್‌ಮಸ್ ಕಾರ್ಯಕ್ರಮ ಯಾರ ತಲೆಗೆ, ಎಲ್ಲ ಹಂಚಿ ಆಗಿತ್ತು. ರಾಜರತ್ನ ಗಣಿತದ ಮಾಸ್ತರ. ವ್ಯಾನುಗಳ ಉಸ್ತುವಾರಿಯೂ ಅವನ ಕೊರಳಿಗೇ ಬಿದ್ದಿತ್ತು. ಮದುವೆಯಾಗದ ಗಂಡು ಮಾಸ್ತರನಿಗೆ ಇಂಥ ಕೆಲಸ ತಪ್ಪಿದ್ದಲ್ಲ ಬಿಡಿ. ಪ್ರಿನ್ಸಿಪಾಲ್ ಮೇಡಂ ಕೊಟ್ಟಿದ್ದನ್ನು ಅವನು ಓದಿದ, ಅಷ್ಟೇ.

ಮೀಟಿಂಗ್ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ಸೃಷ್ಟಿ ಅವನನ್ನು ಅಡ್ಡಗಟ್ಟಿದಳು.

"ಏನ್ರಿ ಸರ್, ಎಷ್ಟು ದಿನದ ಸಿಟ್ಟು ತೀರಿಸಿಕೊಂಡ್ರಿ?"

"ಸಿಟ್ಟೇನ್ರಿ ಟೀಚರ್! ಮೇಡಂ ಬರದು ಕೊಟ್ಟಿದ್ದು ನಾ ಓದಿದೆ."

"ಓದೂಮುಂದ ದನಿ ಸೈತ ನಡಗಲಿಲ್ಲ ನೋಡ್ರಿ ನಿಮ್ದು."

"ನಡಗೂವಂಥಾದ್ದು ಏನೈತ್ರಿ ಅದರಾಗ?"

ಅವನಿಗೆ ಖರೇನೇ ಗೊತ್ತಿರಲಿಲ್ಲ. ಅವಳು ಹೇಳಿದಳು. ಅವಳದು ಹೆಬ್ಬಳ್ಳಿ ರಸ್ತೆಯಲ್ಲಿ ಒಳಕ್ಕೆ ಹೊರಳಿದರೆ ಸಿಗುವ ಊರು. ಊರಿನ ಹೆಸರು ಬೇಡ, ಅಂಥ ಊರು ನಿಮಗೂ ಒಂದು ಗೊತ್ತಿರುತ್ತದೆ. ತಂದೆ ದುರಗಪ್ಪ ಪಂಚಾಯ್ತಿ ಮೆಂಬರು, ಎದುರು ಮಾತಾಡಿದವರಿಗೆ ಊರಲ್ಲಿ ಉಳಿಗಾಲವಿಲ್ಲ. ಶಾಲೆಯ ವ್ಯಾನು ಬಾಗಿಲಿಗೆ ಬಂದು ಬಾಗಿಲಿಗೆ ಬಿಡುತ್ತದೆ ಎಂಬ ಒಂದೇ ಕಾರಣಕ್ಕೆ ಮಗಳನ್ನು ಒಂದನೇ ಕ್ಲಾಸಿನ ಟೀಚರಾಗಲು ಬಿಟ್ಟಿದ್ದ. ಬಸ್ಸಿನಲ್ಲಿ ಹೋಗುವ ಮಾತೆತ್ತಿದರೆ ಮನೆಯಲ್ಲಿ ರಂಪ.

"ವ್ಯಾನು ನಿಂತ್ರ ನಾನೂ ನಿಂತೆ. ಮನ್ಯಾಗ ಕುಂತ ಹುಡುಗಿಗೆ ಏನ್ ಮಾಡ್ತಾರಂತ ನಿಮಗ ಬಿಡಿಸಿ ಹೇಳಬೇಕೇನ್ರಿ?"

ಬಿಡಿಸಿ ಹೇಳಬೇಕಿರಲಿಲ್ಲ.

ಬೆಳಗಿನ ಪ್ರಾರ್ಥನೆ ಹೇಳಿಸುವವಳು ಅವಳೇ. ಕ್ರಿಶ್ಚಿಯನ್ನಳಲ್ಲ, ಆದರೆ ಅವಳಷ್ಟು ಇಂಪಾದ ದನಿ ಇನ್ನೊಬ್ಬರದಿರಲಿಲ್ಲ. ಕಣ್ಣು ಮುಚ್ಚಿ, ಕೈ ಜೋಡಿಸಿ, ಎಲ್ಲ ಸರಿಯಾಗಿಯೇ ಮಾಡುವಳು. 'ಆಮೆನ್' ಎಂದ ಕೂಡಲೇ ಮಾತ್ರ ಊರ ದ್ಯಾಮವ್ವನ ಗುಡಿಯ ರೂಢಿ ಕೈಗೆ ಬಂದುಬಿಡುತ್ತಿತ್ತು. ಎರಡೂ ಗಲ್ಲವನ್ನು ಟಪಟಪ ಬಡಿದುಕೊಳ್ಳುವಳು. "ಟೀಚರ್, ಇದು ಗುಡಿ ಅಲ್ಲ" ಎಂದು ಮೇಡಂ ಎಷ್ಟು ಸಲ ಅಂದರೂ ಅಷ್ಟೇ. ನಾಲಿಗೆ ಕಚ್ಚಿಕೊಳ್ಳುವಳು, ಮರುದಿನ ಮತ್ತೆ ಟಪಟಪ. ಹಿಂದಿನ ಸಾಲಿನಲ್ಲಿ ರಾಜರತ್ನ ನಗು ತಡೆಯಲಾಗದೆ ಕೆಮ್ಮುವನು. ಅವಳು ಅಷ್ಟು ಮಕ್ಕಳ ತಲೆ ದಾಟಿಸಿ ಅವನನ್ನು ಗುರಾಯಿಸುವಳು, ಆಮೇಲೆ ತುಟಿಯ ತುದಿಯಲ್ಲಿ ತಾನೂ ನಗುವಳು. ಎರಡು ವರ್ಷದಲ್ಲಿ ಅವರ ನಡುವೆ ನಡೆದದ್ದು ಇಷ್ಟೇ. ರಾಜರತ್ನನಿಗೆ ಇದಿಲ್ಲದೆ ದಿನ ಶುರುವಾಗುತ್ತಿರಲಿಲ್ಲ.

"ಸಾಲಿ ಚಾಲೂ ಆಗೂದ್ರಾಗ ಅರ್ಧ ವ್ಯಾನರೆ ತುಂಬಿದ್ರ ರೂಟು ಉಳೀತೈತ್ರಿ. ನಾ ಮೇಡಂಗ ಕೇಳ್ತೇನಿ" ಎಂದ.

"ಯಾರು ತುಂಬಿಸವ್ರು?"

"ನಾವs. ಹೆಂಗೂ ಬ್ಯಾಸಗಿ ಸೂಟ್ಯಾಗ ಅಡ್ಮಿಶನ್‌ಗೆ ಮನಿ ಮನಿ ತಿರಗೂದು ತಪ್ಪಂಗಿಲ್ಲ. ನೀವು ಮನಿ ತೋರಿಸ್ರಿ, ನಾ ಮಾತಾಡ್ತೇನಿ."

"ನಿಮ್ಮ ಮಾತು ಕೇಳಿ ಯಾರು ಮಕ್ಕಳನ್ನ ಕಳಸ್ತಾರ? ಮನಿನೂ ನಾನs ತೋರಸ್ತೇನಿ, ಮಾತೂ ನಾನs ಆಡ್ತೇನಿ" ಎಂದು ಅವನ ಮಾತನ್ನೇ ತಿರುಗಿಸಿ ಹೇಳಿ ನಕ್ಕಳು. ಕಣ್ಣಲ್ಲಿ ಮಾತ್ರ ನೀರಿತ್ತು.

ಬಿಸಿಲು ಕೆಂಡ ಕಾರುತ್ತಿತ್ತು. ಸೃಷ್ಟಿಯ ಊರಲ್ಲಿ ಇಬ್ಬರೂ ಶಾಲೆಯ ಪಾಂಪ್ಲೆಟ್ ಹಿಡಿದು ಓಣಿ ಓಣಿ ತಿರುಗಿದರು. ಮಾತು ಇಂಗ್ಲಿಷ್ ಮೀಡಿಯಮ್ಮಿನಿಂದ ಶುರುವಾಗಿ ಕಂಪ್ಯೂಟರಿಗೆ ಬಂದು, ಕೊನೆಗೆ ಎಲ್ಲ ಮನೆಯಲ್ಲೂ ಒಂದೇ ಕಡೆ ಮುಟ್ಟುತ್ತಿತ್ತು.

"ಸರ್, ನೀವು ಯಾವ ಪೈಕಿರಿ?"

"ನಾವು ಬೌದ್ಧರ್ರಿ" ಎನ್ನುತ್ತಿದ್ದ ರಾಜರತ್ನ. ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ತರಾಗಿ ರಿಟೈರ್ ಆದ ಅವನ ತಂದೆ ಹುಲಗೇಶ ಮಗನಿಗೆ ಕಲಿಸಿದ್ದೇ ಅದು, ಕೇಳಿದವರಿಗೆ ತಲೆ ತಗ್ಗಿಸದೆ ಹೇಳು ಎಂದು. ಅವನು ಹೇಳುತ್ತಿದ್ದ, ಕೇಳಿದವರು ಪಾಂಪ್ಲೆಟ್ ಮಡಿಚಿ ಬದಿಗಿಡುತ್ತಿದ್ದರು.

ಹಾಗೆ ಬದಿಗಿಟ್ಟ ಒಂದು ಮನೆಯ ಕಟ್ಟೆಗೆ ಮಜ್ಜಿಗೆ ಬಂತು. ಸೃಷ್ಟಿಗೆ ಹೊಳೆಯುವ ಸ್ಟೀಲ್ ಲೋಟ. ಅವನಿಗೆ ಕುಡಿದು ಬಿಸಾಡುವ ಪೇಪರ್ ಕಪ್ಪು. ಮನೆಯಾಕೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಧಿಮಾಕಿರಲಿಲ್ಲ. ನಗುತ್ತಲೇ ಕೊಟ್ಟಳು. ಇಂಥದ್ದು ರಾಜರತ್ನನಿಗೆ ಹೊಸದೇನಲ್ಲ. ಆದರೆ ಅವಳ ಎದುರಿಗೆ, ಅವಳ ಊರಲ್ಲಿ! ಅವನ ಕಿವಿ ಕಾದವು. ಕಪ್ಪಿಗೆ ಕೈ ಚಾಚಿದ.

ಅಷ್ಟರಲ್ಲಿ ಸೃಷ್ಟಿ ಆ ಕಪ್ಪನ್ನು ತಾನೇ ಎತ್ತಿಕೊಂಡಳು. ತನ್ನ ಲೋಟವನ್ನು ಅವನ ಕೈಗಿಟ್ಟಳು. "ನಂಗ ಇದs ಹಗೂರ ಅನಸ್ತೈತ್ರಿ ಕಾಕು" ಎಂದು ಮನೆಯಾಕೆಗೆ ಹೇಳಿ, ಗಟಗಟ ಕುಡಿದು, ಖಾಲಿ ಕಪ್ಪು ಕೆಳಗಿಟ್ಟಳು. ಮೇಲ್ತುಟಿಗೆ ಮಜ್ಜಿಗೆ ಅಂಟಿತ್ತು. ಸೆರಗಿನಿಂದ ಒರೆಸಿಕೊಳ್ಳುತ್ತಾ ಓರೆಗಣ್ಣಲ್ಲಿ ಅವನನ್ನು ನೋಡಿ, "ಕುಡೀರಿ ಸರ್, ಬಿಸಲಾಗ ಕುಂತ್ರ ಹುಳಿ ಆಗ್ತೈತಿ" ಎಂದಳು.

ರಾಜರತ್ನ ಕುಡಿದ. ಇನ್ನು ಈ ಹುಡುಗಿಯನ್ನು ಬಿಟ್ಟು ತನಗೆ ಬದುಕಿಲ್ಲ ಎಂದು ಅವನಿಗೆ ಆ ಕಟ್ಟೆಯ ಮೇಲೆ ಖಾತ್ರಿಯಾಯಿತು. ಮನೆಯಾಕೆ ಇಬ್ಬರ ಮುಖವನ್ನೂ ನೋಡಿದಳು. ಸಂಜೆಯೊಳಗೆ ಆ ಸುದ್ದಿ ದುರಗಪ್ಪನ ಮನೆ ಮುಟ್ಟಿತ್ತು.

ಮರುದಿನ ಸೃಷ್ಟಿಯನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ವ್ಯಾನಿಗೆ ಸಿಕ್ಕ ಮಕ್ಕಳು ಅಲ್ಲೊಂದು ಇಲ್ಲೊಂದು, ಅರ್ಧದ ಹತ್ತಿರಕ್ಕೂ ಬರಲಿಲ್ಲ. ರಾಜರತ್ನ ಒಬ್ಬನೇ ಊರಿಗೆ ಹೋದ. ಉಳಿದಿದ್ದು ಒಂದೇ ಓಣಿ, ಊರ ಕೊನೆಯ ಕೇರಿ. ಯಾವ ಶಾಲೆಯ ಪಾಂಪ್ಲೆಟ್ಟೂ ಅಲ್ಲಿ ಹೋಗಿರಲಿಲ್ಲ. ಬಡ ಮಕ್ಕಳಿಗೆಂದು ಟ್ರಸ್ಟಿನವರು ಇಟ್ಟ ಸೀಟುಗಳು ಕೇಳುವವರಿಲ್ಲದೆ ಪ್ರತಿ ವರ್ಷ ಹಾಗೇ ಉಳಿಯುತ್ತಿದ್ದವು. ಅವು ಅವನಿಗೆ ಈಗ ನೆನಪಾದವು. ಖರೇ ಹೇಳಬೇಕೆಂದರೆ ಅವನು ಹೋದದ್ದು ಕೇರಿಯ ಮಕ್ಕಳ ಉದ್ಧಾರಕ್ಕಲ್ಲ, ಸೃಷ್ಟಿಯ ವ್ಯಾನು ತುಂಬಲಿ ಎಂದು.

ಅಲ್ಲಿ ಕಸ್ತೂರೆವ್ವ ಎಂಬ ಮುದುಕಿ ಮೊಮ್ಮಗಳು ಪೂನಮ್‌ಳನ್ನು ಮುಂದೆ ನಿಲ್ಲಿಸಿಕೊಂಡು, "ವ್ಯಾನು ನಮ್ಮ ಓಣಿಮಟಾ ಬರ್ತೈತೇನ್ರಿ, ಸಾಹೇಬ್ರ? ಇಲ್ಲಾ ನಾವು ರೋಡಿಗೆ ಬಂದು ನಿಂದರಬೇಕೇನ್ರಿ?" ಎಂದು ಕೇಳಿದಳು.

"ಇಲ್ಲಿಮಟಾ ಬರ್ತೈತಿ, ಆಯಿ. ನಿಮ್ಮ ಬಾಗಲಿಗೆ."

ಮುದುಕಿ ನಂಬಲಿಲ್ಲ. ಇನ್ನೊಮ್ಮೆ ಕೇಳಿದಳು. ಅವನು ಇನ್ನೊಮ್ಮೆ ಹೇಳಿದ. ಅವತ್ತು ಸಂಜೆಯೊಳಗೆ ಕೇರಿಯ ಮಕ್ಕಳಿಂದಲೇ ಅರ್ಧ ವ್ಯಾನು ತುಂಬಿತು.

ತುಂಬಿದ ಮೇಲೆ ಖಾಲಿಯಾಗತೊಡಗಿತು. ಊರ ನಡುವಿನ ಮನೆಗಳಿಂದ ಒಂದೊಂದೇ ಫೋನು. ನಮ್ಮ ಹುಡುಗನಿಗೆ ಬ್ಯಾಡ್ರಿ, ಅವರ ಮಾವನ ಊರಾಗ ಕಲೀತಾನ. ನಮ್ಮ ಹುಡುಗಿ ಸಣ್ಣಾಕಿ, ಮುಂದಿನ ವರ್ಷ ನೋಡೂಣು. ಕೊನೆಗೆ ದುರಗಪ್ಪನೇ ಶಾಲೆಗೆ ಬಂದು, ಆ ಮಕ್ಕಳನ್ನು ಹೊತ್ತ ವ್ಯಾನು ತನ್ನೂರಿನ ರಸ್ತೆಗೆ ಇಳಿದರೆ ಗಾಜು ಉಳಿಯುವುದಿಲ್ಲ ಎಂದು ಮೇಡಂ ಎದುರಿಗೇ ಹೇಳಿ ಹೋದ.

ಮೇಡಂ ಕೆಟ್ಟವರಲ್ಲ, ಅಂಜಿದ್ದರು. ರಾಜರತ್ನನನ್ನು ಕರೆದು, "ಸರ್, ಕೇರಿ ಮಕ್ಕಳನ್ನ ಒಂದು ವರ್ಷ ತಡದು ತಗೊಳ್ಳೂಣು. ಉಳದವರು ತಾವಾಗೇ ಬರ್ತಾರ, ರೂಟು ಉಳೀತದ. ಸೃಷ್ಟಿ ಟೀಚರ್ ಸೈತ ಬರ್ತಾರ" ಎಂದರು. ಕೊನೆಯ ಮಾತನ್ನು ಅವರು ಬೇಕೆಂದೇ ಹೇಳಿದರೋ, ಬಾಯಿ ತಪ್ಪಿ ಬಂತೋ ದೇವರೇ ಬಲ್ಲ. "ವಿಚಾರ ಮಾಡಿ ಹೇಳ್ತೇನ್ರಿ" ಎಂದು ರಾಜರತ್ನ ಎದ್ದು ಬಂದ. ಥತ್, ತಕ್ಷಣ 'ಇಲ್ಲ' ಎನ್ನಬೇಕಾದವನು ವಿಚಾರ ಮಾಡುತ್ತೇನೆ ಎಂದುಬಿಟ್ಟಿದ್ದ.

ಸೃಷ್ಟಿ ಕಪಾಟಿನ ಕೀಲಿ ಒಪ್ಪಿಸಲು ಬಂದಳು. ಗೇಟಿನ ಹೊರಗೆ ದುರಗಪ್ಪ ಬೈಕ್ ಬಂದ್ ಮಾಡದೆ ಕಾಯುತ್ತಿದ್ದ. ಒಂದನೇ ಕ್ಲಾಸಿನ ಕೋಣೆ. ಗೋಡೆಗೆ ಅವಳೇ ಅಂಟಿಸಿದ ಬಣ್ಣದ ಅಕ್ಷರಗಳು. ಸಣ್ಣ ಬೆಂಚುಗಳ ನಡುವೆ ಇಬ್ಬರೂ ನಿಂತರು.

"ಒಂದು ಕೇಳ್ತೇನ್ರಿ" ಎಂದ ರಾಜರತ್ನ. ದನಿ ಈಗ ನಡುಗಿತು. "ಆ ಮಕ್ಕಳ ಹೆಸರು ತಗದ್ರ ಎಲ್ಲಾ ಮೊದಲಿನಂಗ ಆಗ್ತೈತಂತ. ನೀವು ಬರ್ತೀರಿ. ತಗದು ಬಿಡ್ಲೇನು?"

ಅವಳು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಅವನ ಕಡೆ ತಿರುಗಿದಳು.

"ಕಸ್ತೂರೆವ್ವನ ಮುಂದ ನಿಂತು ಈ ಮಾತು ಹೇಳ್ತೀರೇನ್ರಿ?"

ರಾಜರತ್ನ ನೆಲ ನೋಡಿದ.

"ಹೇಳಂಗಿಲ್ಲ. ನಂಗೊತ್ತೈತಿ. ಹೇಳೂ ಅಂಥಾ ಮನಿಷಾ ಆಗಿದ್ರ ನಾ ಆ ಕಪ್ಪಿನ್ಯಾಗ ಕುಡೀತಿದ್ದಿಲ್ಲ." ಕೀಲಿಯನ್ನು ಮೇಜಿನ ಮೇಲಿಟ್ಟಳು. "ವ್ಯಾನಿಗೆ ಯಾರೂ ಕೈ ಹಚ್ಚಂಗಿಲ್ರಿ. ಅಪ್ಪನ ಕೂಡ ಮಾತಾಡೇನಿ. ವ್ಯಾನು ಕೇರಿಮಟಾ ಬರಬೇಕು, ಯಾರೂ ತಡೀಬಾರ್ದು. ಅದಕ್ಕ ಒಪ್ಯಾನ."

"ಅಷ್ಟು ಸರಳ ಒಪ್ಪಿದ್ರ?"

"ನಾ ಇನ್ನ ಸಾಲಿಗೆ ಬರಂಗಿಲ್ಲ. ದೀಪಾವಳಿ ಮುಂದ ಅಂವ ತೋರಿಸಿದಲ್ಲಿ ಲಗ್ನ ಆಗ್ತೇನಿ. ಅದಕ್ಕ ಒಪ್ಯಾನ."

ರಾಜರತ್ನ ಒಂದು ಹೆಜ್ಜೆ ಮುಂದೆ ಬಂದ. "ಯಾಕ ಹಿಂಗ ಮಾಡಿದ್ರಿ? ಯಾಕ?"

"ನೀವು ಯಾಕ ಕೇರಿಗೆ ಹೋದ್ರಿ?"

"ನಿಮ್ಮ ಸಂಬಂಧ. ನೀವು ಬರ್ಲಿ ಅಂತ. ನೀವು ಇಲ್ಲದ ಸಾಲಿ ನನಗ ಬ್ಯಾಡ ಅಂತ. ನಿಮ್ಮನ್ನ ಪ್ರೀತಿ ಮಾಡ್ತೇನ್ರಿ, ಸೃಷ್ಟಿ. ಎರಡು ವರ್ಷಾತು."

"ಎರಡು ವರ್ಷ ಬರೇ ಕೆಮ್ಮಿದ್ರಿ" ಎಂದಳು. ನಗಲು ಹೋಗಿ ಅತ್ತಳು. "ನಾನೂ ನಿಮ್ಮ ಸಂಬಂಧನs ಮಾಡೇನಿ. ನೀವು ಆ ಮುದುಕಿಗೆ ಮಾತು ಕೊಟ್ಟೀರಿ. ಅದು ಸುಳ್ಳಾಗಬಾರ್ದು."

"ನನ್ನ ಕೂಡ ಬರ್ರಿ. ಈಗಿಂದೀಗ. ಹಿಂದಿನ ಗೇಟು ತಗದೈತಿ."

ಅವಳು ಬಾಗಿಲ ಕಡೆ ನೋಡಿದಳು. ಒಂದು ಗಳಿಗೆ ಬರುತ್ತಾಳೆ ಎಂದೇ ಅವನಿಗನಿಸಿತು.

"ಬಂದ್ರ ನಮ್ಮಪ್ಪ ಮೊದಲ ನಿಮ್ಮ ಮನಿಗೆ ಬರಂಗಿಲ್ರಿ, ಸರ್. ಮೊದಲ ಕೇರಿಗೆ ಹೋಗ್ತಾನ. ಪೂನಮ್ ಇರೂ ಮನಿಗೆ." ಹೊರಗೆ ಹಾರ್ನ್ ಕೇಳಿಸಿತು. "ನನಗೂ ಬರಬೇಕನಸ್ತೈತಿ. ಭಾಳ ಅನಸ್ತೈತಿ. ಆದ್ರ ಆಗಂಗಿಲ್ಲ."

ಅವನ ಕೈಯನ್ನು ಎತ್ತಿ ತನ್ನ ಒದ್ದೆ ಗಲ್ಲಕ್ಕೆ ಒತ್ತಿಕೊಂಡಳು. ಮತ್ತೆ ಹಾರ್ನ್ ಕೇಳಿಸಿತು. ಅವಳು ಕೈಬಿಟ್ಟು, ಮುಖ ಒರೆಸಿಕೊಂಡು, ಸೆರಗು ಸರಿ ಮಾಡಿಕೊಂಡು ಹೋದಳು. ರಾಜರತ್ನ ಕೀಲಿ ಹಿಡಿದುಕೊಂಡು ಮೇಡಂ ಕೋಣೆಗೆ ಹೋಗಿ, ಒಂದು ಮಗುವಿನ ಹೆಸರನ್ನೂ ತೆಗೆಯುವುದಿಲ್ಲ, ತೆಗೆದರೆ ತನ್ನದನ್ನೂ ತೆಗೆಯಿರಿ ಎಂದು ಹೇಳಿದ.

ಜೂನಿನಲ್ಲಿ ಶಾಲೆ ಶುರುವಾಯಿತು. ಮೊದಲ ದಿನ ರಾಜರತ್ನ ಗೇಟಿನಲ್ಲೇ ನಿಂತಿದ್ದ. ಬರುವುದಿಲ್ಲ ಎಂದು ಗೊತ್ತಿದ್ದೂ ಡ್ರೈವರ್ ಪಕ್ಕದ ಸೀಟನ್ನೇ ನೋಡಿದ. ಅವಳು ಕೂರುತ್ತಿದ್ದ ಜಾಗ ಅದು, ಖಾಲಿ ಇತ್ತು.

"ಯಾರೂ ತಡೀಲಿಲ್ರಿ ಸರ್" ಎಂದ ಡ್ರೈವರ್ ಇಸ್ತಿಯಾಕ. "ಟೀಚರ್ ಕಟ್ಟಿ ಮ್ಯಾಲೆ ನಿಂತಿದ್ರು. ರೂಢಿ ನೋಡ್ರಿ, ಕಾಲು ಬ್ರೇಕಿನ ಮ್ಯಾಲೆ ಹೋತು. ಬ್ಯಾಡ, ನಡೀರಿ ಅಂತ ಕೈ ಮಾಡಿದ್ರು."

ಹಿಂದಿನಿಂದ ಕೇರಿಯ ಮಕ್ಕಳು ಒಬ್ಬೊಬ್ಬರಾಗಿ ಇಳಿದವು. ಎಣ್ಣೆ ಹಚ್ಚಿ ಬಾಚಿದ ತಲೆ, ಉದ್ದಕ್ಕೆ ಹೊಲಿಸಿದ ಯೂನಿಫಾರ್ಮು. ಮೈದಾನದಲ್ಲಿ ಸಾಲಾಗಿ ನಿಂತವು. ಪ್ರಾರ್ಥನೆಯನ್ನು ಈಗ ಮೇಡಂ ತಾವೇ ಹೇಳಿಸುತ್ತಿದ್ದರು. ಇಂಗ್ಲಿಷ್ ಪ್ರಾರ್ಥನೆ, ಹೊಸ ಮಕ್ಕಳು ಬಾಯಿ ಬಿಟ್ಟು ನೋಡುತ್ತವೆ ಎಂದುಕೊಂಡಿದ್ದ ರಾಜರತ್ನ. ಆದರೆ ಅವು ಒಂದಕ್ಷರ ತಪ್ಪದೆ, ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವು. 'ಆಮೆನ್' ಎಂದವು. ಆಮೇಲೆ ಅಷ್ಟೂ ಮಕ್ಕಳು ಒಟ್ಟಿಗೆ ಕೈಯೆತ್ತಿ ಗಲ್ಲವನ್ನು ಟಪಟಪ ಬಡಿದುಕೊಂಡವು.

ಎಲ್ಲ ಟೀಚರುಗಳೂ ಮೇಡಂ ಮುಖ ನೋಡಿದರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ಇರ್ಲಿ ಬಿಡ್ರಿ. ಹಂಗs ಇರ್ಲಿ" ಎಂದರು.

ಸಾಲು ಕರಗಿದ ಮೇಲೆ ರಾಜರತ್ನ ಪೂನಮ್ ಎದುರು ಮೊಣಕಾಲೂರಿ ಕೂತ.

"ಯಾರವ್ವಾ ಕಲಿಸಿದ್ರು?"

"ಸೃಷ್ಟಿ ಟೀಚರ್ರಿ. ನಮ್ಮ ಓಣಿ ಬಾಜೂಕ ಫಿಲ್ಟರ್ ನೀರು ತರಾಕಷ್ಟs ಅವರನ್ನ ಹೊರಗ ಬಿಡ್ತಾರಲ್ರಿ, ಆವಾಗ. ಕೊಡ ತುಂಬೂತನಕ ಹೇಳಿಕೊಡ್ತಿದ್ರು. ದಿನಾ."

"ಮತ್ತೇನರೆ ಹೇಳ್ಯಾರೇನು?"

ಹುಡುಗಿ ತಲೆಯಾಡಿಸಿದಳು.

"ಗಲ್ಲ ಬಡಕೊಂಡ್ರ ಒಬ್ರು ಸರ್ ನಗ್ತಾರ, ನಕ್ರ ನಗ್ಲಿ, ನೀವು ಬಿಡಬ್ಯಾಡ್ರಿ ಅಂದಾರ್ರಿ." ಅವನ ಮುಖವನ್ನೇ ನೋಡಿದಳು. "ಅದು ನೀವs ಏನ್ರಿ ಸರ್? ನೀವು ನಗಲೇ ಇಲ್ಲಲ್ರಿ?"

ರಾಜರತ್ನ ನಗಲು ನೋಡಿದ, ಆಗಲಿಲ್ಲ. ಕೆಮ್ಮಿದ, ಅದೂ ಅರ್ಧಕ್ಕೇ ಒಡೆಯಿತು. ಪೂನಮ್ ತನ್ನ ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ ಅವನ ಮುಂದೆ ಹಿಡಿದಳು. ಅವನು ಎರಡೂ ಕೈಯಿಂದ ತೆಗೆದುಕೊಂಡು ಕುಡಿದ. ಅಷ್ಟರಲ್ಲಿ ಮೊದಲ ಪೀರಿಯಡ್ಡಿನ ಗಂಟೆ ಹೊಡೆಯಿತು. ಅವನು ಎದ್ದು, ಮಕ್ಕಳನ್ನು ಒಂದನೇ ಕ್ಲಾಸಿನ ಕೋಣೆಗೆ ಕರೆದುಕೊಂಡು ಹೋದ.