ಹೋರ್ಡಿಂಗಿನ ಕೊನೆಯ ಸಾಲು

ಒಂದೇ ಒಂದು ಸಾಲು. "ಮೊದಲು ಕೈಮೇಲೆ ಹಚ್ಚಿ ನೋಡಿ. ಮಕ್ಕಳಿಗೆ ಬಳಸಬೇಡಿ." ಮುಖದ ಕ್ರೀಮಿನ ಜಾಹೀರಾತಿನಲ್ಲಿ ಅದು ಇರಲೇಬೇಕೆಂದು ಕಾನೂನು ಹೇಳುತ್ತಿತ್ತು. ಕಾನೂನಿಗಿಂತ ಜೋರಾಗಿ ತಕರಾರಮ್ಮ ಹೇಳಿದ್ದಳು. ಜಾಹೀರಾತು ಕಂಪನಿಯಲ್ಲಿ ಕಾನೂನಿನ ಕೆಲಸ ನೋಡಿಕೊಳ್ಳುವ ಆಕೆಗೆ ಆ ಹೆಸರಿಟ್ಟವನು ಅವನೇ, ಅಲ್ಲಿನ ವಿನ್ಯಾಸದ ಮುಖ್ಯಸ್ಥ. ಅಷ್ಟು ಚೆಂದದ ಮುಖದ ಕೆಳಗೆ ಈ ಅಪಶಕುನ ಯಾಕೆ ಎಂದು, ಅವಳು ಒಪ್ಪಿಗೆ ಕೊಟ್ಟ ಮೇಲೆ ಸದ್ದಿಲ್ಲದೆ ಆ ಸಾಲನ್ನು ತೆಗೆದು ಅಚ್ಚಿಗೆ ಕಳಿಸಿದ್ದ.

ಈಗ ಹೋರ್ಡಿಂಗ್ ನೋಡಿ ಕ್ರೀಮ್ ಕೊಂಡ ತಾಯಿಯೊಬ್ಬಳ ಪುಟ್ಟ ಮಗಳ ಕೆನ್ನೆ ಸುಟ್ಟಿತ್ತು. ದೂರು ದಾಖಲಾಗಿತ್ತು. ಜೈಲು ಎಂಬ ಮಾತು ಅವನಿಗೆ ದಿನವಿಡೀ ನೆನಪಾಗುತ್ತಿತ್ತು. ಆ ಮಗುವಿನ ಕೆನ್ನೆ ನೆನಪಾಗುತ್ತಿತ್ತೇ ಎಂದರೆ, ಅದಕ್ಕೆ ಪಾಪ ಅವನಿಗೆ ಪುರುಸೊತ್ತೇ ಇರಲಿಲ್ಲ.

ಉಪಾಯ ಮಾತ್ರ ಸೊಗಸಾಗಿತ್ತು. ಸಾಲು ಇರಲಿಲ್ಲ ಎನ್ನುವುದೇ ತಕರಾರಾದರೆ, ಸಾಲು ಇದ್ದುಬಿಟ್ಟರಾಯಿತು! ತಾನು ಒಪ್ಪಿದ ಜಾಹೀರಾತಿನಲ್ಲಿ ಸಾಲಿತ್ತೆಂದು ತಕರಾರಮ್ಮ ಖಂಡಿತ ಹೇಳುತ್ತಾಳೆ. ಅವಳ ಪ್ರಾಮಾಣಿಕತೆಯೇ ಅವನ ಪರ ಸಾಕ್ಷಿ. ಅಚ್ಚುಮನೆಯವನು ಕೆಲಸ ಮುಗಿದ ಕೂಡಲೇ ಫೈಲುಗಳನ್ನೆಲ್ಲ ಅಳಿಸಿಬಿಡುವ ಆಸಾಮಿ. ಇನ್ನು ಆ ತಾಯಿ, ಅವಸರದಲ್ಲಿ ಓದಲಿಲ್ಲವೆಂದು ತನ್ನನ್ನೇ ಶಪಿಸಿಕೊಳ್ಳುತ್ತಾಳೆ.

ದೂರದ ಅಂಗಡಿಯೊಂದರಲ್ಲಿ ಆ ಸಾಲನ್ನು ಹೋರ್ಡಿಂಗಿನದೇ ಕಡುಗೆಂಪಿನ ಫ್ಲೆಕ್ಸ್ ಪಟ್ಟಿಯೊಂದರ ಮೇಲೆ ಅಚ್ಚು ಹಾಕಿಸಿದ. ಹೊಸತು ಹೊಸತಾಗಿ ಕಂಡರೆ ಕೆಟ್ಟಿತು. ಹಾಗಾಗಿ ಮನೆಯ ತಾರಸಿಯ ಮೇಲೆ ದಿನಗಟ್ಟಲೆ ಬಿಸಿಲಿಗೆ ಹರಡಿದ.

"ಏನ್ರೀ ಅದು, ಹಪ್ಪಳ ಥರ ಒಣ ಹಾಕಿದೀರಾ?" ಎಂದು ಹೆಂಡತಿ ನಕ್ಕಳು. ಅವನಿಗೆ ನಗು ಬರಲಿಲ್ಲ.

ಅವನ ಕಚೇರಿಯ ಕಿಟಕಿಯಿಂದ ಬಸ್ ತಂಗುದಾಣವೂ, ಅದರ ಹಿಂದಿನ ಎತ್ತರದ ಗೋಡೆಗೆ ಹಾಕಿದ್ದ ಹೋರ್ಡಿಂಗಿನ ಸುಂದರಿ ಚಾವಣಿಯ ಮೇಲಿಂದ ಇಣುಕುವುದೂ ಕಾಣುತ್ತಿತ್ತು. ಅವಳ ಸುತ್ತಲಿನ ಕೆಂಪು ಮಾಸಿ ಗುಲಾಬಿಯಾಗಿತ್ತು. ದಿನವೂ ಕಿಟಕಿಯಿಂದ ಅದನ್ನು ನೋಡಿ ಮನೆಗೆ ಬಂದು, ತನ್ನ ಪಟ್ಟಿಯೂ ಅದೇ ಬಣ್ಣಕ್ಕೆ ತಿರುಗುವವರೆಗೆ ಕಾದ. ತನಿಖೆಯ ದಿನ ನಸುಕಿನಲ್ಲಿ ತಂಗುದಾಣದ ಬೆಂಚು ಹತ್ತಿ, ಅರೆಗತ್ತಲಲ್ಲಿ ಹೋರ್ಡಿಂಗಿನ ಕೆಳಅಂಚಿಗೆ ಅದನ್ನು ಅಂಟಿಸಿ ಇಳಿದ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಮಧ್ಯಾಹ್ನ ತನಿಖಾಧಿಕಾರಿ ಬಂದು ಅವನನ್ನೂ ತಕರಾರಮ್ಮನನ್ನೂ ಆ ತಾಯಿಯನ್ನೂ ಹೋರ್ಡಿಂಗಿನ ಎದುರಿನ ರಸ್ತೆಗೆ ಕರೆಸಿದರು. ಕಣ್ಣು ಕುಕ್ಕುವ ಬಿಸಿಲಲ್ಲಿ ನಿಂತೇ ಸಾಲನ್ನು ಓದಿದ ಆ ತಾಯಿಯ ಮುಖ ಬಿಳಿಚಿಕೊಂಡಿತು.

"ಇದು ಇರ್ಲಿಲ್ಲ ಸಾರ್. ನನ್ನ ಮಗು ಮೇಲಾಣೆ, ಇರ್ಲಿಲ್ಲ."

"ಸಣ್ಣ ಅಕ್ಷರ ಅಲ್ವಾ ತಾಯಿ, ಕಣ್ಣಿಗೆ ಬಿದ್ದಿರಲ್ಲ ಬಿಡಿ," ಎಂದ ಅವನು. ದನಿ ನಡುಗಲಿಲ್ಲವೆಂದು ಅವನಿಗೇ ಆಶ್ಚರ್ಯವಾಯಿತು.

"ನಾನು ಒಪ್ಪಿದ್ದರಲ್ಲಿ ಈ ಸಾಲು ಇತ್ತು ಸರ್," ಎಂದಳು ತಕರಾರಮ್ಮ. ಲೆಕ್ಕ ಹಾಕಿದಂತೆಯೇ! ಅಧಿಕಾರಿ ತಲೆಯಾಡಿಸಿ ಜೀಪಿನ ಕಡೆ ತಿರುಗಿದರು. ಅವನಿಗೆ ಹೋದ ಜೀವ ಬಂದಂತಾಯಿತು.

"ಅಬ್ಬಾ, ಏನ್ ಬಿಸಿಲು!" ಎನ್ನುತ್ತ ತಕರಾರಮ್ಮ ಚಾವಣಿಯ ಕೆಳಗೆ ಹೋಗಿ ನಿಂತಳು. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದವಳು ಗೋಡೆಯ ಕಡೆ ತಿರುಗಿ, ಹಾಗೇ ನಿಂತುಬಿಟ್ಟಳು. ಅವನೂ ನೋಡಿದ. ಇಷ್ಟು ದಿನ ಹೋರ್ಡಿಂಗಿನ ಕೆಳಭಾಗವನ್ನು ಅವನ ಕಿಟಕಿಗೆ ಮರೆಮಾಡಿದ್ದ ಆ ಚಾವಣಿ ಬಿಸಿಲಿಗೂ ಮರೆಮಾಡಿತ್ತು. ನೆರಳಲ್ಲಿದ್ದ ಭಾಗ ಹೋರ್ಡಿಂಗ್ ಹಾಕಿದ ದಿನದಂತೆಯೇ ಕಡುಗೆಂಪಾಗಿತ್ತು. ಅದರ ನಡುವೆ ಅವನ ಪಟ್ಟಿ ಒಂದೇ ಮಾಸಿತ್ತು. "ಸರ್, ಒಂದ್ನಿಮಿಷ ಬನ್ನಿ," ಎಂದು ಅವಳು ಅಧಿಕಾರಿಯನ್ನು ಕರೆದಳು. "ಬಿಸಿಲೇ ಬೀಳದ ಜಾಗದಲ್ಲಿ ಈ ಸಾಲು ಮಾತ್ರ ಹೇಗೆ ಮಾಸ್ತು?"